ಮೂರು ಸಲ ಕರೆದು ಹಿಂದಿರುಗಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು, ಏಳಲಾಗದೆ ಒದ್ದೆ ಕಲ್ಲಿನ ಮೇಲೆ ಒರಗಿದ್ದಾಗ, ಅರೆತೆರೆದ ಮುಂಬಾಗಿಲಿನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಮೂರು ಸಲ ಕರೆದು, ಉತ್ತರ ಬರಲಿಲ್ಲವೆಂದು ಸಂಭಾವಿತನಂತೆ ಹಿಂದಿರುಗಿ, ಮಂಡಕ್ಕಿ ಮಿರ್ಚಿ ತಿನ್ನಲು ಹೋದ ಮಹಾನುಭಾವ ನಾನೇ. ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಹೊಸದಾಗಿ ಬಾಡಿಗೆಗೆ ಬಂದವರಿಗೂ ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ಕಸದ ಗಾಡಿ ಬರುವ ಹೊತ್ತು, ಆಮೇಲೆ ನನ್ನ ಕಥೆ, ಈ ಕ್ರಮದಲ್ಲಿ ತಿಳಿಸಲಾಗುತ್ತದೆ. ಹಾಗಾಗಿ ನಿಮಗೆ ನಾನೇ ಹೇಳಿಬಿಡುವುದು ವಾಸಿ. ಬೇರೆಯವರ ಬಾಯಿಂದ ಕೇಳಿದರೆ ನಾನು ನಾಲ್ಕು ಮಿರ್ಚಿ ತಿಂದಿರುತ್ತೇನೆ. ತಿಂದದ್ದು ಎರಡೇ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಕಾಲಿಂಗ್ ಬೆಲ್. ದೊಡ್ಡಮ್ಮನ ಮಗ ಮಂಜಣ್ಣ ಮೊನ್ನೆ ತಂದು ಅವಳ ಮನೆಯ ಬಾಗಿಲಿಗೆ ಹಾಕಿಸಿದ. ಒತ್ತಿದರೆ ಗುಬ್ಬಿ ಕೂಗುತ್ತದೆ. ಗುಬ್ಬಿಯ ದನಿಯನ್ನು ನಕಲು ಮಾಡಿ ಡಬ್ಬಿಯೊಳಗೆ ಹಾಕಿದವನು ಯಾರೋ ನನ್ನ ಕುಲಬಾಂಧವನೇ ಇರಬೇಕು. ಆದರೆ ಕೆಲಸ ಇನ್ನೂ ಹಸಿ. ನಿಜವಾದ ಗುಬ್ಬಿ ಅಷ್ಟು ಸಮನಾಗಿ ಕೂಗುವುದಿಲ್ಲ, ನಡುನಡುವೆ ಯೋಚಿಸುತ್ತದೆ. ಇರಲಿ. ಈ ಬೆಲ್ಲಿನಿಂದ ಓಣಿಗೆ ಆದ ಪ್ರಯೋಜನವೆಂದರೆ, ಹೆಂಗಸರು ಎಂದಿನಂತೆ ನೇರ ಅಡುಗೆಮನೆಗೆ ನುಗ್ಗಿ, ಮಾತು ಮುಗಿಸಿ, ಹೋಗುವಾಗ ಒಮ್ಮೆ ಒತ್ತಿ, “ಚೆಂದ ಕೂಗ್ತೈತೆ ನೋಡ್ರಿ” ಎಂದು ಹೊಗಳಿ ಹೋಗುತ್ತಾರೆ.

ನಮ್ಮ ಓಣಿಯಲ್ಲಿ ಹಗಲು ಬಾಗಿಲು ಹಾಕುವ ರೂಢಿಯಿಲ್ಲ. ಹಾಕಿದೆಯೆಂದರೆ ಒಳಗೆ ಅಣ್ಣತಮ್ಮಂದಿರು ಪಾಲಿನ ಮಾತಾಡುತ್ತಿದ್ದಾರೆ ಎಂದು ಅರ್ಥ. ಹೊರಗೆ ನಿಂತು ಕರೆಯುವವರು ಇಬ್ಬರೇ, ಕೊರಿಯರ್ ಹುಡುಗ ಮತ್ತು ಬೈಕಿನ ಕಂತು ವಸೂಲಿಗೆ ಬಂದವನು. ಉಳಿದವರಿಗೆಲ್ಲ ಹೊಸ್ತಿಲೆಂದರೆ ಎಡವುವುದಕ್ಕಾಗಿ ಇಟ್ಟ ಮರ. ಬರುತ್ತಾರೆ, ಒಲೆಯ ಮೇಲಿನ ಮುಚ್ಚಳ ಎತ್ತುತ್ತಾರೆ, “ಇವತ್ತೂ ಬದ್ನೀಕಾಯೇನ್ರೀ?” ಎಂದು ಮರುಕಪಡುತ್ತಾರೆ. ನಮ್ಮವ್ವನಿಗೆ ಇದೊಂದು ಹೆಮ್ಮೆ. “ಮುಚ್ಚಿಡಾಕೆ ನಮ್ಮನ್ಯಾಗೆ ಏನೈತಪ್ಪ?” ಎನ್ನುತ್ತಾಳೆ. ನಿಜ, ಏನೂ ಇರಲಿಲ್ಲ. ಯಾರ ಮನೆಯಲ್ಲೂ ಇರಲಿಲ್ಲ. ಯಾರು ಹೇಗೆ ಗೊರಕೆ ಹೊಡೆಯುತ್ತಾರೆ, ಯಾರು ಗಂಡನನ್ನು ಯಾವ ದನಿಯಲ್ಲಿ ಬೈಯುತ್ತಾರೆ, ಯಾರು ದೇವರ ಮುಂದೆ ಕಣ್ಣು ಮುಚ್ಚಿದಂತೆ ಮಾಡಿ ಹಾಲು ಉಕ್ಕುವುದನ್ನು ನೋಡುತ್ತಾರೆ, ಎಲ್ಲವೂ ಎಲ್ಲರಿಗೂ ಗೊತ್ತು. ಎಲ್ಲರಿಗಿಂತ ಹೆಚ್ಚಾಗಿ ನನಗೆ ಗೊತ್ತು. ಯಾಕೆಂದರೆ ಅದೇ ನನ್ನ ಬಂಡವಾಳ.

ನಾನು ಓದಿದ್ದು ಐಟಿಐ, ಮಾಡುವ ಕೆಲಸ ಲೇತ್ ಮಷಿನ್ನಿನ ಮುಂದೆ. ಆದರೆ ಓಣಿಗೆ ನಾನು ಗೊತ್ತಿರುವುದು ಮಿಮಿಕ್ರಿ ವೀರೇಶನಾಗಿ. ಬಸ್ಸಿನ ಕಂಡಕ್ಟರು, ಸುಳ್ಳು ಹೇಳುವ ಮೊದಲು ಗಂಟಲು ಸರಿಮಾಡಿಕೊಳ್ಳುವ ನಮ್ಮ ಬಸಣ್ಣ ಕಾಕ, ಕಣ್ಣಿಗೆ ಹಾಕಿಕೊಂಡ ಕನ್ನಡಕವನ್ನೇ ಹುಡುಕುವ ಅಪ್ಪ, ಹುಡುಗಿಯರ ಮುಂದೆ ದನಿ ದಪ್ಪ ಮಾಡಿಕೊಳ್ಳುವ ನಾನು, ಹೀಗೆ ಯಾರನ್ನೂ ಬಿಟ್ಟಿಲ್ಲ. ಹರಿಹರದ ದೇವರು ಅರ್ಧ ಹರಿ, ಅರ್ಧ ಹರ. ನಾನೋ ಪಾವು ಪಾವು ಹತ್ತು ಹದಿನೈದು ಜನ. ಅಳೆದು ನೋಡಿದರೆ ನನ್ನ ಪಾಲಿಗೆ ಏನು ಉಳಿಯುತ್ತಿತ್ತೋ, ಆಗ ಯಾರೂ ಅಳೆದಿರಲಿಲ್ಲ.

ಅವರೆಲ್ಲರಲ್ಲಿ ನನ್ನ ಕೈಗೆ ಚೆನ್ನಾಗಿ ಕುದುರಿದವಳು ದೊಡ್ಡಮ್ಮ. ಹೆಸರು ಗೌರಮ್ಮ, ನಮ್ಮಪ್ಪನ ಅಣ್ಣನ ಹೆಂಡತಿ, ನಮ್ಮ ಮನೆಯಿಂದ ಎರಡು ಬಾಗಿಲು ಆಚೆ. ದೊಡ್ಡಪ್ಪ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ಮಗನನ್ನೂ ಮಗಳನ್ನೂ ದಡ ಸೇರಿಸಿದವಳು. ಒಲೆಯ ಮುಂದೆ ಕೂತು ಎದ್ದು ಎದ್ದು ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಸೊಂಟಕ್ಕೊಂದು ಕೈ, ಹಿಟ್ಟು ಮೆತ್ತಿದ ಇನ್ನೊಂದು ಕೈ ಗಾಳಿಯಲ್ಲಿ, “ಚೌಕಾಸಿ ಮಾಡ್ಬ್ಯಾಡ್ರಿ, ನನ್ ರೊಟ್ಟೀಗೆ ಬಾಯಿದ್ರೆ ನಿಮ್ಮನ್ನ ಬೈತಿತ್ತು” ಎನ್ನುವುದು. ಮಗಳ ಮದುವೆಯಾಗಿ ಹೆಣ್ಣು ಒಪ್ಪಿಸುವಾಗ ದೊಡ್ಡಮ್ಮ ಬಿಕ್ಕಿದ್ದನ್ನು ಆ ದಿನವೇ, ಚಪ್ಪರ ಬಿಚ್ಚುವ ಮೊದಲೇ, ಅಲ್ಲೇ ಮಾಡಿ ತೋರಿಸಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಾದ ಮೇಲೆ ದೊಡ್ಡಮ್ಮನೂ ಬಾಯಿಗೆ ಸೆರಗು ಹಿಡಿದು ನಕ್ಕು ಒಳಗೆ ಹೋದಳು. ಅದನ್ನು ನಾನು ಸರ್ಟಿಫಿಕೇಟು ಎಂದುಕೊಂಡೆ.

ಬಾಗಿಲಿಲ್ಲದ ಪ್ರೀತಿಯ ಬಿಸಿ ನನಗೂ ಒಮ್ಮೆ ತಟ್ಟಿತ್ತು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋದ ದಿನ. ನಾನು ಕೌದಿ ಹೊದ್ದು ಮಲಗಿದ್ದೆ. ಇಡೀ ಓಣಿ ಬಂದು ಸುತ್ತ ಕೂತಿತು. ಎದುರುಮನೆಯ ನಾಗಮ್ಮ ಕೌದಿಯ ತುದಿ ಎತ್ತಿ, “ಅಳ್ತಾನೇನು ನೋಡ್ತೀನಿ ತಡೀರಿ” ಎಂದು ಪರೀಕ್ಷಿಸಿ, “ಇಲ್ಲ, ಕಣ್ಣು ಕೆಂಪಗಾಗ್ಯಾವೆ ಅಷ್ಟೆ” ಎಂದು ಸಭೆಗೆ ವರದಿ ಕೊಟ್ಟಳು. ಯಾರೋ ಅವಲಕ್ಕಿ ತಂದರು, ಯಾರೋ ತಲೆ ಸವರಿದರು. ಆ ಪ್ರೀತಿ ಸುಳ್ಳೆಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಅಷ್ಟು ಜನರ ನಡುವೆ ಒಬ್ಬ ಹುಡುಗನಿಗೆ ಅಳಲು ಜಾಗವಿರಲಿಲ್ಲ. ಕೊನೆಗೆ ಎದ್ದು ಕೂತು ನಾಗಮ್ಮ ಕೌದಿ ಎತ್ತಿದ್ದನ್ನೇ ಅಣಕಿಸಿ ಎಲ್ಲರನ್ನೂ ನಗಿಸಿ ಕಳಿಸಿದೆ. ಅಳು ಹಾಗೇ ಉಳಿದುಕೊಂಡಿತು.

ಆಮೇಲೆ ಐಟಿಐ ಮುಗಿಸಿ ಹರಿಹರದ ಪಕ್ಕದ ಗುತ್ತೂರಿನ ಹತ್ತಿರ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಪಾಳಿ ಆರಕ್ಕೇ ಶುರು. ದಾವಣಗೆರೆಯಿಂದ ಮೊದಲ ಬಸ್ಸು ಹಿಡಿಯುವುದು ನನ್ನಂಥ ಸೂರ್ಯವಂಶದವನ ಕೈಲಾಗದ ಮಾತು. ಹರಿಹರದಲ್ಲಿ ಒಂದು ಕೋಣೆ ಹಿಡಿದೆ. ಮುಂದೆ ಸತ್ತಾರ್ ಚಾಚಾನ ಬಾಗಿಲು ಕಿಟಕಿ ಮಾಡುವ ಮರಗೆಲಸದ ಅಂಗಡಿ, ಹಿಂದೆ ಅವರ ಮನೆ, ಹೊರಗಿನ ಮೆಟ್ಟಿಲು ಹತ್ತಿದರೆ ಮೇಲೆ ನನ್ನ ಕೋಣೆ. ಕೋಣೆ ನೋಡಲು ಬಂದ ಅವ್ವ ಏನನ್ನೋ ಕೇಳಲಾಗದೆ ಚಡಪಡಿಸುತ್ತಿದ್ದಳು. ಚಾಚಾನ ಹೆಂಡತಿ ಚಾಚಿಗೆ ಅರ್ಥವಾಯಿತು. “ನಿಮ್ ಹುಡುಗನ ತಟ್ಟೆ ಪಾತ್ರೆ ಬ್ಯಾರೇನೇ ಇಡ್ತೀನಿ ಬಿಡ್ರಿ ಅಕ್ಕಾರೆ. ನಮ್ಮನ್ಯಾಗೂ ಸೊಪ್ಪು ತಿಂತೀವ್ರಿ” ಎಂದಳು. ಅವ್ವ ನಾಚಿ, “ಅಯ್ಯ, ನಾ ಅದನ್ನ ಕೇಳಿಲ್ರಿ” ಎಂದಳು. ಅದನ್ನೇ ಕೇಳಬೇಕೆಂದಿದ್ದಳು.

ಸೇರಿದ ಮೂರನೆಯ ದಿನ ಕುಡಿಯುವ ನೀರು ಬೇಕಾಯಿತು. ನಿಟ್ಟುವಳ್ಳಿಯ ಸಂಸ್ಕಾರ ಎಲ್ಲಿ ಹೋಗುತ್ತದೆ? ಕೊಡ ಹಿಡಿದು, “ಚಾಚೀ, ಏನ್ ಅಡಿಗಿ?” ಎನ್ನುತ್ತ ಸೀದಾ ಒಳಗೆ ನಡೆದೆ. ಚಾಚಿ ತಲೆಗೂದಲು ಬಿಚ್ಚಿಕೊಂಡು ಬಿಸಿಲಿಗೆ ಕೂತಿದ್ದವಳು ಗಡಬಡಿಸಿ ಎದ್ದು, ಸೆರಗು ಸಿಗದೆ, ಕೈಗೆ ಸಿಕ್ಕ ಚಾಪೆಯನ್ನೇ ಅಡ್ಡ ಹಿಡಿದಳು. ನಾನು ನೀರು ತುಂಬಿಕೊಂಡು, ಹೊರಗೆ ಬಂದು, ಆ ಚಾಪೆಯ ಪ್ರಸಂಗವನ್ನು ಯಾರಿಗೆ ಮಾಡಿ ತೋರಿಸಲಿ ಎಂದು ಯೋಚಿಸುತ್ತಿದ್ದೆ.

ಸಂಜೆ ಚಾಚಾ ಅಂಗಡಿಯ ಮುಂದೆ ಕೂರಿಸಿಕೊಂಡು ಚಹಾ ಕೊಟ್ಟರು. ಬೈಯಲಿಲ್ಲ.

“ನೋಡು ಬೇಟಾ, ನಮ್ಮಲ್ಲಿ ಒಂದು ಪದ್ಧತಿ ಐತೆ. ಯಾರ ಮನೀಗೆ ಹೋದ್ರೂ ಬಾಗಿಲ ಎದುರಿಗೆ ನಿಲ್ಲಲ್ಲ, ಪಕ್ಕಕ್ಕೆ ನಿಲ್ತೀವಿ. ಸಲಾಂ ಹೇಳಿ ಕರೀತೀವಿ. ಒಂದ್ಸಲ, ಎರಡ್ಸಲ, ಮೂರ್ಸಲ. ಬರ್ರಿ ಅಂದ್ರೆ ಹೋಗ್ತೀವಿ. ಅನ್ನಲಿಲ್ಲ ಅಂದ್ರೆ ಬ್ಯಾಸರ ಮಾಡ್ಕಳ್ದೆ ವಾಪಸ್.”

“ಪಕ್ಕಕ್ಕೆ ಯಾಕೆ ಚಾಚಾ?”

“ಕಣ್ಣು ಮೊದ್ಲೇ ಒಳಗೆ ಹೋಗಿ ಕುಂತಮ್ಯಾಲೆ ಅಪ್ಪಣೆ ಕೇಳಿ ಏನ್ ಉಪಯೋಗ?”

“ಒಳಗೆ ಇದ್ದೂ ಉತ್ತರ ಕೊಡ್ಲಿಲ್ಲ ಅಂದ್ರೆ?”

“ಕೊಡದೇ ಇರೋ ಹಕ್ಕು ಅವರಿಗೈತೆ.”

ಯಾವುದನ್ನಾದರೂ ನಾನು ಎರಡು ದಿನದಲ್ಲಿ ಕಲಿಯುತ್ತೇನೆ, ಮೂರನೆಯ ದಿನ ಮಾರುತ್ತೇನೆ. ಚಾಚಾ ಗೋಡೆಗೆ ಭುಜ ತಾಗಿಸಿ ನಿಲ್ಲುವುದು, ಗಡ್ಡ ಸವರಿ ಕೆಮ್ಮುವುದು, ಮೊದಲ ಕರೆ ಮೆತ್ತಗೆ, ಎರಡನೆಯದು ಸ್ವಲ್ಪ ಎಳೆದು, ಮೂರನೆಯದು ಬಿಡುವ ದನಿಯಲ್ಲಿ, ಇವೆಲ್ಲವನ್ನೂ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಆ ಹುರುಪಿನಲ್ಲಿ ನಮ್ಮ ಸೂಪರ್‌ವೈಸರನ್ನೂ ಮಾಡಿದೆ. ಅವರು ನನ್ನ ಹಿಂದೆಯೇ ನಿಂತು ಪೂರ್ತಿ ನೋಡಿದರಂತೆ. ನಗಲಿಲ್ಲವಂತೆ. ಒಂದು ತಿಂಗಳ ಮೇಲೆ ನನ್ನ ಜೊತೆ ಸೇರಿದವರೆಲ್ಲ ಖಾಯಂ ಆದರು. ನನಗೆ ಮಾತ್ರ, “ಇನ್ನಾರು ತಿಂಗಳು ನೋಡೋಣಪ್ಪ. ಅಲ್ಲೀ ತನಕ ನಿನ್ನ ದನೀಲಿ ಮಾತಾಡು” ಎಂದರು.

ಅವತ್ತು ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿಕೊಂಡು ಬಿದ್ದೆ. ದಾವಣಗೆರೆಯಾಗಿದ್ದರೆ ಇಷ್ಟು ಹೊತ್ತಿಗೆ ಕೌದಿ ಎತ್ತುವವರು ಬಂದಿರುತ್ತಿದ್ದರು ಎಂದು ಅನಿಸಿತು. ಬಂದರೆ ಏನು ಹೇಳಲಿ, ಯಾರನ್ನು ಅಣಕಿಸಿ ನಗಿಸಲಿ ಎಂದು ಯೋಚಿಸುತ್ತಿರುವಾಗ ಮೆಟ್ಟಿಲ ಮೇಲೆ ಚಾಚಾನ ಹೆಜ್ಜೆ.

“ವೀರೇಶಾ.”

ನಾನು ಉಸಿರು ಬಿಗಿಹಿಡಿದೆ.

“ಬೇಟಾ ವೀರೇಶಾ.”

ಸ್ವಲ್ಪ ಹೊತ್ತು ಬಿಟ್ಟು, “ವೀರೇಶಪ್ಪಾ.”

ಆಮೇಲೆ ಹೆಜ್ಜೆಗಳು ಇಳಿದವು. ಅಷ್ಟೇ. ಯಾರೂ ಬಾಗಿಲು ತಳ್ಳಲಿಲ್ಲ, ಕಿಟಕಿಯಲ್ಲಿ ಇಣುಕಲಿಲ್ಲ. ಆಗ ಬಂತು ನೋಡಿ ಅಳು. ಗಣಿತದ ಹಳೆಯ ಅಳುವನ್ನೂ ಸೇರಿಸಿ ಅತ್ತೆ. ಎಷ್ಟು ಹೊತ್ತಾಯಿತೋ. ಕೊನೆಗೆ ಹಸಿವಾಗಿ ಬಾಗಿಲು ತೆಗೆದರೆ ಮೇಲಿನ ಮೆಟ್ಟಿಲಲ್ಲಿ ನನ್ನ ಬೇರೆ ತಟ್ಟೆ, ಅದರಲ್ಲಿ ಚಪಾತಿ, ಹೆಸರುಕಾಳಿನ ಪಲ್ಯ, ಮೇಲೊಂದು ತಟ್ಟೆ ಮುಚ್ಚಿ ಇಟ್ಟಿತ್ತು. ಮರುದಿನ ಬೆಳಿಗ್ಗೆ ಚಾಚಾ ಎದುರಾದಾಗ, “ನಿನ್ನೆ ಕರೆದ್ರಲ್ಲ” ಎಂದೆ. “ಹೌದಾ, ಇದ್ದೆಯೇನು ನೀನು?” ಎಂದು ಏನೂ ಗೊತ್ತಿಲ್ಲದವರಂತೆ ಉಜ್ಜುಗೊರಡು ಎತ್ತಿಕೊಂಡರು.

ಅಂದಿನಿಂದ ಆ ಪದ್ಧತಿಯನ್ನು ಅಣಕಿಸುವುದನ್ನು ಬಿಟ್ಟೆ. ಪಾಲಿಸಲು ಹೊರಟೆ. ಎರಡರ ನಡುವಿನ ದೂರ ಎಷ್ಟು ಕಡಿಮೆಯೆಂದು ಆಗ ಗೊತ್ತಿರಲಿಲ್ಲ.

ಮುಂದಿನ ವಾರ ಊರಿಗೆ ಹೋದವನು ನಮ್ಮ ಮನೆಯ ತೆರೆದ ಬಾಗಿಲಿನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತು, “ಒಳಗೆ ಬರಬಹುದೇನ್ರಿ?” ಎಂದೆ.

“ಚಿಲ್ರೆ ಇಲ್ಲಪ್ಪ, ಮುಂದಕ್ಕೆ ಹೋಗು” ಎಂದಳು ಅವ್ವ.

ಎರಡನೆಯ ಸಲ ಕರೆದಾಗ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. “ಲೇ, ಹುಟ್ಟಿದ ಮನೀಗೆ ಬರಾಕೆ ಯಾರ ಅಪ್ಪಣೆ ಬೇಕೋ ನಿನಗೆ?”

ಎದುರುಮನೆಯ ನಾಗಮ್ಮ ತನ್ನ ಕಟ್ಟೆಯಿಂದಲೇ, “ನಿಮ್ ಹುಡುಗ ಕಂತು ವಸೂಲಿ ಕೆಲಸಕ್ಕೆ ಸೇರ್ಯಾನೇನ್ರೀ?” ಎಂದು ಕೇಳಿದಳು. ಬಸಣ್ಣ ಕಾಕ ಗಂಟಲು ಸರಿಮಾಡಿಕೊಂಡು, “ಹರಿಹರದ ಗಾಳಿ” ಎಂದಷ್ಟೇ ಹೇಳಿದ. ನಾನು ಬಿಡಲಿಲ್ಲ. ಎಲ್ಲರ ಬಾಗಿಲಲ್ಲೂ ಪಕ್ಕಕ್ಕೆ ನಿಂತೆ. ನಿಜ ಹೇಳುತ್ತೇನೆ, ಅದರಲ್ಲಿ ಜಂಬವೂ ಇತ್ತು. ಬೇರೆಯವರ ಅಂಗಿ ಹಾಕಿಕೊಂಡವನು ಕನ್ನಡಿಯ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಾನಲ್ಲ, ಹಾಗೆ.

ಬೈಯದೇ ಇದ್ದವಳು ದೊಡ್ಡಮ್ಮ ಒಬ್ಬಳೇ. “ಚಲೋನೇ ಕಲ್ತೀಯ ಬಿಡು. ಒಳಗಿರೋರಿಗೆ ಮೈಮ್ಯಾಲಿನ ಬಟ್ಟೆ ಸರಿ ಮಾಡ್ಕಳಾಕೆ ಒಂದೀಟು ಹೊತ್ತು ಸಿಗ್ತೈತೆ” ಎಂದಳು.

ಆ ಭಾನುವಾರ ಕಡರನಾಯಕನಹಳ್ಳಿಯಲ್ಲಿ ನೆಂಟರ ಗೃಹಪ್ರವೇಶ. ಮಂಜಣ್ಣನೂ ಸೇರಿ ಓಣಿಯ ಮುಕ್ಕಾಲು ಪಾಲು ಟೆಂಪೋ ಹತ್ತಿ ಹೋಗಿತ್ತು. ರೊಟ್ಟಿಯ ಆರ್ಡರ್ ಇದ್ದದ್ದರಿಂದ ದೊಡ್ಡಮ್ಮ ಹೋಗಿರಲಿಲ್ಲ. ಆರ್ಡರ್ ಕೊಟ್ಟವಳು ಚಾಚಿ. ಅವಳ ತಂಗಿಯ ಮನೆಯವರು ಬರುವವರಿದ್ದರು, ಖಡಕ್ ರೊಟ್ಟಿ ಬೇಕೆಂದಿದ್ದಳು. ತರುವ ಕೆಲಸ ನನ್ನದು.

ಹೋದೆ. ಬಾಗಿಲು ಅರ್ಧ ತೆರೆದಿತ್ತು. ಪಕ್ಕಕ್ಕೆ ನಿಂತೆ. “ದೊಡ್ಡಮ್ಮಾ.” ಒಳಗೆಲ್ಲೋ ನಲ್ಲಿಯ ನೀರು ಜೋರಾಗಿ ಬೀಳುತ್ತಿತ್ತು. “ದೊಡ್ಡಮ್ಮಾ, ನಾನು ವೀರೇಶ.” ನೀರಿನ ಸದ್ದೇ. “ದೊಡ್ಡಮ್ಮಾ, ರೊಟ್ಟಿ.” ಉತ್ತರವಿಲ್ಲ. ಸ್ನಾನಕ್ಕೆ ಹೋಗಿರಬೇಕು ಎಂದುಕೊಂಡೆ. ಹಳೆಯ ವೀರೇಶನಾಗಿದ್ದರೆ ಒಳಗೆ ನುಗ್ಗಿ, ಬುಟ್ಟಿಯಿಂದ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಬಚ್ಚಲ ಬಾಗಿಲು ಬಡಿದು, “ಗಂಗಾಸ್ನಾನ ಮುಗೀತೇನು?” ಎನ್ನುತ್ತಿದ್ದ. ಹೊಸ ವೀರೇಶ ಬೇಸರ ಮಾಡಿಕೊಳ್ಳದೆ ವಾಪಸ್ ಹೋದ.

ಮಿರ್ಚಿ ಅಂಗಡಿಯಲ್ಲಿ ಗೆಳೆಯರು ಸಿಕ್ಕರು. “ಬಂದ ನೋಡ್ರಲೇ, ಅಪ್ಪಣೆ ವೀರೇಶ! ಮಗಾ, ದೊಡ್ಡಮ್ಮಂದು ಮಾಡೋ, ನೋಡಿ ಬಾಳ ದಿನ ಆತು” ಎಂದರು. ಮಾಡಿದೆ. ಸೊಂಟಕ್ಕೆ ಕೈ, ಎಳೆಯುವ ಎಡಗಾಲು, ಬಾಯಿದ್ದರೆ ಬೈಯುವ ರೊಟ್ಟಿ. ಚೆನ್ನಾಗಿ ಬಂತು. ಎರಡನೆಯ ಮಿರ್ಚಿಯನ್ನು ಅಂಗಡಿಯವನು ನಕ್ಕು ನಕ್ಕು ಬಿಟ್ಟಿ ಕೊಟ್ಟ. ಇನ್ನೊಂದು ಸಲ, ಇನ್ನೊಂದು ಸಲ ಎಂದು ಹೊತ್ತು ಹೋದದ್ದೇ ತಿಳಿಯಲಿಲ್ಲ.

ವಾಪಸ್ ಬಂದಾಗ ಮನೆಯ ಮುಂದೆ ಆಟೋ ನಿಂತಿತ್ತು. ಹೆಪ್ಪಿಗೆ ಮಜ್ಜಿಗೆ ಬೇಕೆಂದು ನಾಗಮ್ಮ, ಕರೆಯದೆ ಕೇಳದೆ, ಓಣಿಯ ರೂಢಿಯಂತೆ ನೇರ ಅಡುಗೆಮನೆಗೆ ಹೋಗಿದ್ದಳು. ದೊಡ್ಡಮ್ಮ ಕಾಣದಿದ್ದಾಗ ಬಚ್ಚಲಿಗೇ ಹೋಗಿ ನೋಡಿದ್ದಳು. ಅವಳೂ ಆಟೋದವನೂ ಸೇರಿ ಕೌದಿಯಲ್ಲಿ ಸುತ್ತಿದ ದೊಡ್ಡಮ್ಮನನ್ನು ಎತ್ತಿ ತರುತ್ತಿದ್ದರು. ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡಳು. ಸಿಟ್ಟು ಎಂದುಕೊಂಡೆ.

ಆಸ್ಪತ್ರೆಯಲ್ಲಿ ಎಲ್ಲರೂ ಸೇರಿದ ಮೇಲೆ ಎಷ್ಟು ಹೊತ್ತಿನಿಂದ ಬಿದ್ದಿದ್ದಳು ಎಂಬ ಪ್ರಶ್ನೆ ಬಂತು. ಸುಮ್ಮನಿರಬಹುದಿತ್ತು. ಆದರೆ ನನ್ನ ಬಾಯಿ ಯಾವಾಗ ಸುಮ್ಮನಿತ್ತು? “ನಾನು ಬಂದಿದ್ದೆ. ಮೂರು ಸಲ ಕರೆದೆ” ಎಂದೆ.

ಮಂಜಣ್ಣ ನನ್ನ ಕಡೆ ತಿರುಗಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ.

“ಬಾಗಿಲು ತೆಗೆದಿತ್ತೇನೋ?”

“ತೆಗೆದಿತ್ತು.”

“ನೀರು ಬೀಳೋದು ಕೇಳ್ತಿತ್ತೇನೋ?”

“ಕೇಳ್ತಿತ್ತು.”

“ಹುಟ್ಟಿದಾಗಿಂದ ನಮ್ಮವ್ವನ ಕೈತುತ್ತು ತಿಂದೀಯ. ಎಂದಾದ್ರೂ ಕೇಳಿ ಒಳಗೆ ಬಂದಿದ್ಯೇನೋ?” ಎಂದವನೇ ಬೆಂಚಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡ.

ತೊಡೆಯ ಮೂಳೆಗೆ ರಾಡ್ ಹಾಕಿದರು. ಅದಕ್ಕಿಂತ ತಣ್ಣೀರಿನಲ್ಲಿ ಬಿದ್ದಿದ್ದ ಶೀತ ಎದೆಗೆ ಇಳಿದದ್ದು ಕಷ್ಟವಾಯಿತು. ಕೆಲವು ದಿನ ಉಳಿಯುತ್ತಾಳೋ ಇಲ್ಲವೋ ಎಂದು ಕೂತಿದ್ದೆವು. ಆ ಕಾರಿಡಾರಿನಲ್ಲಿ ಯಾರೂ ನನಗೆ ‘ಒಂದು ಮಾಡೋ’ ಎನ್ನಲಿಲ್ಲ. ಅವಳು ಚೇತರಿಸಿಕೊಂಡ ಮೇಲೆ ಬಸಣ್ಣ ಕಾಕ, ಗಂಟಲು ಸರಿಮಾಡಿಕೊಳ್ಳದೆಯೇ, ತೀರ್ಪು ಕೊಟ್ಟ. “ಸಾಬ್ರ ಮನ್ಯಾಗಿದ್ದು ಕಲ್ತ ಬುದ್ಧಿ ಇದು. ಇವನು ಹಿಂಗಿರಲಿಲ್ಲ. ಕೋಣೆ ಖಾಲಿ ಮಾಡ್ಸು, ಮನೀಗೆ ಕರ್ಕಂಡು ಬಾ” ಎಂದು ಅಪ್ಪನಿಗೆ ಹೇಳಿದ. ಅವ್ವ ನನ್ನ ಮುಖ ನೋಡದೆ ತಲೆಯಾಡಿಸಿದಳು. ನಾನಾಗಿ ಪ್ರೀತಿಸಿ ತಂದುಕೊಂಡದ್ದು ಅದೊಂದೇ ಪದ್ಧತಿ, ಅದರಿಂದಲೇ ದೊಡ್ಡಮ್ಮ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಳು.

ಹರಿಹರಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಚಾಚಿ ಎದೆಗೆ ಕೈ ಒತ್ತಿಕೊಂಡು, “ಯಾ ಅಲ್ಲಾ! ಮನೀಗೆ ಬೆಂಕಿ ಬಿದ್ರೂ ಮೂರು ಸಲ ಕರ್ಕಂತ ನಿಲ್ತೀಯೇನೋ? ಅಷ್ಟೂ ತಿಳಿಯಲ್ಲೇನೋ ನಿನಗೆ?” ಎಂದು ಅಳತೊಡಗಿದಳು. ಚಾಚಾ ಬಟ್ಟೆಯ ಮೇಲಿನ ಮರದ ಹೊಟ್ಟು ಕೊಡವುತ್ತ ಕೇಳಿದರು.

“ಅವತ್ತು ನೀನು ಮ್ಯಾಲೆ ಬಾಗಿಲು ಹಾಕ್ಕಂಡು ಬಿದ್ದಿದ್ಯಲ್ಲ. ನಾನು ಮೂರು ಸಲ ಕರೆದು ಏನ್ ಮಾಡಿದೆ?”

“ಇಳಿದು ಹೋದ್ರಿ.”

“ಎಲ್ಲಿಗೆ?”

ನಾನು ಅಂಗಡಿಯ ಕಡೆ ನೋಡಿದೆ.

“ಕೆಳಗಿನ ಮೆಟ್ಟಿಲ ಮ್ಯಾಲೆ ಕುಂತಿದ್ದೆ ಬೇಟಾ. ನೀನು ಬಾಗಿಲು ತೆಗೆದು ತಟ್ಟೆ ಒಳಗೆ ತಗಳೋ ತನಕ. ಒಳಗೆ ನೀನು ಅಳೋದು ಕೇಳ್ತಿತ್ತು. ಅಳೋದು ನಿಂತು, ಸದ್ದೇ ಇಲ್ಲ ಅಂತ ಆಗಿದ್ರೆ ಬಾಗಿಲು ಮುರೀತಿದ್ದೆ. ಉಳಿ ಸುತ್ತಿಗೆ ಪಕ್ಕದಾಗೇ ಇಟ್ಕಂಡಿದ್ದೆ.”

ನಾನು ಕಲಿತದ್ದು ಹತ್ತುವ ಹೆಜ್ಜೆ, ಕರೆಯುವ ದನಿ, ಇಳಿಯುವ ಹೆಜ್ಜೆ. ಅಷ್ಟನ್ನು ಕೂದಲೆಳೆ ತಪ್ಪದಂತೆ ಕಲಿತಿದ್ದೆ. ಇಳಿದ ಮೇಲೆ ಕತ್ತಲಲ್ಲಿ ಕೂತದ್ದನ್ನು ಕಲಿಯಲಿಲ್ಲ, ಅದು ನನಗೆ ಕಂಡಿರಲೇ ಇಲ್ಲ. ಅಥವಾ ಹೀಗೂ ಇರಬಹುದು, ಅಣಕಿಸುವವನಿಗೆ ಸುಮ್ಮನೆ ಕೂತವನಲ್ಲಿ ಹಿಡಿಯುವಂಥದ್ದು ಏನೂ ಕಾಣುವುದಿಲ್ಲ.

“ಸಾಮಾನು ಆಮ್ಯಾಲೆ ಕಟ್ಟುವಂತಿ. ಮೊದ್ಲು ಅವರನ್ನ ನೋಡ್ಕಂಡು ಬರಾಣ ನಡಿ” ಎಂದರು ಚಾಚಾ.

ದೊಡ್ಡಮ್ಮನನ್ನು ಮನೆಗೆ ತಂದು ಪಡಸಾಲೆಯಲ್ಲಿ ಮಂಚ ಹಾಕಿದ್ದರು. ಅವ್ವ, ಮಂಜಣ್ಣ, ಬಸಣ್ಣ ಕಾಕ, ನಾಗಮ್ಮ, ಎಲ್ಲರೂ ಅಲ್ಲೇ ಇದ್ದರು. ಬಾಗಿಲು ಹಾರು ಹೊಡೆದಿತ್ತು. ನಾನು ದಡದಡ ಒಳಗೆ ಹೋದೆ. ಹಿಂದೆ ನೋಡಿದರೆ ಚಾಚಾ, ಚಾಚಿ ಇಲ್ಲ. ಹೊರಗೆ ಗೋಡೆಯ ಮರೆಯಿಂದ, “ಅಕ್ಕಾರೆ, ನಾವು ಹರಿಹರದೋರು. ಬರಬಹುದೇನ್ರಿ?” ಎಂದು ಕೇಳಿಸಿತು. ದೊಡ್ಡಮ್ಮ ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, “ಬರ್ರಿ, ಬರ್ರಿ, ಒಳಗೆ ಬರ್ರಿ” ಎಂದಳು.

ಚಾಚಿ ಮಂಚದ ಅಂಚಿನಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಚಾಚಾ ಕುರ್ಚಿ ಕೊಟ್ಟರೂ ಕೂರಲಿಲ್ಲ. “ನಮ್ಮನೇಲಿ ಕಲ್ತದ್ರಿಂದ ನಿಮಗೆ ಹಿಂಗಾತು ಅಕ್ಕಾರೆ. ಮಾಫ್ ಮಾಡ್ರಿ” ಎಂದು ಕೈ ಮುಗಿದರು.

ಉತ್ತರ ಕೊಟ್ಟವನು ಬಸಣ್ಣ ಕಾಕ.

“ಅದನ್ನೇ ನಾವೂ ಅಂದಿದ್ದು ಸಾಹೇಬ್ರೆ. ನಿಮ್ಮನ್ನ ಬೈಯಲ್ಲ. ನಿಮ್ಮ ಪದ್ಧತಿ ನಿಮಗೆ ಚಲೋ. ಆದ್ರೆ ಅದ್ರಿಂದ ನಮ್ಮ ಮನೀ ಹೆಣ್ಮಗಳು ಸಾಯಾಕೆ ಬಿದ್ದಿದ್ಲು. ನಮ್ಮ ಹುಡುಗನ್ನ ನಮಗೆ ಬಿಟ್ಬಿಡ್ರಿ, ಇವತ್ತಿಗೆ ಮುಗೀಲಿ.”

ಚಾಚಾ ತಲೆ ತಗ್ಗಿಸಿದರು. ಚಾಚಿ ದೊಡ್ಡಮ್ಮನ ಕೈ ಬಿಟ್ಟು ಎದ್ದು ನಿಂತಳು. ನನಗೆ ಹೋಗಿ ಅವರ ಪಕ್ಕ ನಿಲ್ಲಬೇಕೆನಿಸಿತು. ಅವ್ವನ ಹಿಂದೆಯೇ ಉಳಿದೆ.

“ಕುಂತ್ಕ ತಾಯಿ” ಎಂದು ದೊಡ್ಡಮ್ಮ ಚಾಚಿಯ ಕೈಯನ್ನು ಮತ್ತೆ ಎಳೆದುಕೊಂಡಳು. “ಬಸಣ್ಣ, ರಾಡ್ ಹಾಕಿರಾದು ನನ್ ಕಾಲಿಗೆ, ಬಾಯಿಗಲ್ಲ. ನಾನೇ ಹೇಳ್ತೀನಿ ಕೇಳು. ಇವನು ಕರೆದಿದ್ದು ಮೂರು ಸಲಾನೂ ನನಗೆ ಕೇಳ್ತು.”

“ಕೇಳ್ತಾ?” ಮಂಜಣ್ಣ ಮುಂದಕ್ಕೆ ಬಾಗಿದ. “ಮತ್ಯಾಕೆ ಓಗೊಡಲಿಲ್ಲ ಯವ್ವಾ?”

“ಅಲ್ಲೀ ತನಕ ಯಾರಾದ್ರೂ ಬರ್ರೆವ್ವಾ ಅಂತ ಕೂಗ್ತಾನೇ ಇದ್ದೆ. ಇವನ ದನಿ ಕಿವಿಗೆ ಬಿದ್ದ ಕೂಡ್ಲೇ ಟವೆಲ್ ಬಾಯಿಗೆ ಒತ್ಕಂಡೆ. ನೋವಿಗೆ ನರಳಿದ್ದೂ ಕೇಳಬಾರದು ಅಂತ. ನಾಗಮ್ಮ ಬಂದ್ಲು, ಕರೆದೆ. ಆಟೋದೋನು ಬಂದ, ಯಾರ್ ಮಗನೋ ಏನೋ, ಅವನಿಗೂ ಕೈ ಕೊಟ್ಟೆ. ಇವನಿಗೆ ಕೊಡಲಿಲ್ಲ.”

“ಯಾಕ?” ಎಂದ ಬಸಣ್ಣ ಕಾಕ.

ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ಅವನನ್ನೇ ನೋಡುತ್ತ ಹೇಳಿದಳು.

“ಮೈಮ್ಯಾಲೆ ನೆಟ್ಟಗೆ ಬಟ್ಟಿಲ್ದೆ ಬಿದ್ದಿದ್ದೆ. ಇವನು ಬಂದಿದ್ರೆ ಎತ್ತಿ ದವಾಖಾನೀಗೆ ಹಾಕ್ತಿದ್ದ ಖರೆ. ಸಂಜೀಕೆ ಕಟ್ಟೆ ಮ್ಯಾಲೆ ನಾನು ಬಿದ್ದಿದ್ದು ಹೆಂಗೆ ಅಂತ ಮಾಡಿ ತೋರಿಸ್ತಿದ್ದ, ನೀನು ಎಲ್ಲಾರಿಗಿಂತ ಮುಂದೆ ಕುಂತು ನಗ್ತಿದ್ದೆ. ಅವರು ಕಲಿಸಿದ್ದು ಬಾಗಿಲಾಗೆ ನಿಲ್ಲಾದು, ಬಸಣ್ಣ. ನನ್ ಬಾಯಿ ಮುಚ್ಚಿಸಿದ್ದು ನಮ್ಮನೀ ನಗು.”